ಪೆಂಟ್ಟಿ ಎಸ್ಕೋಲಾ

ಪೆಂಟ್ಟಿ ಈಲಿಸ್ ಎಸ್ಕೋಲಾ (ಜನವರಿ ೮, ೧೮೮೩ – ಡಿಸೆಂಬರ್ ೬, ೧೯೬೪) ಫಿನ್ಲೆಂಡ್ ದೇಶದ ಪ್ರಸಿದ್ಧ ಭೂವಿಜ್ಞಾನಿ. ಶಿಲೆಯೊಂದರಲ್ಲಿ ಒಟ್ಟಿಗೆ ಕಂಡುಬರುವ ಖನಿಜಗಳಿಂದ, ಅದು ರೂಪುಗೊಂಡಾಗ ಇದ್ದ ಉಷ್ಣತೆ ಮತ್ತು ಒತ್ತಡವನ್ನು ಊಹಿಸಬಹುದೆಂದು ಇವರು ತೋರಿಸಿಕೊಟ್ಟರು. ಈ ತತ್ತ್ವದ ಮೇಲೆ ಇವರು ಮಾಡಿದ ಶಿಲೆಗಳ ವರ್ಗೀಕರಣಕ್ಕೆ 'ರೂಪಾಂತರ ಫೇಸೀಸ್' ಎಂದು ಹೆಸರು.

ಜೀವನ

ಎಸ್ಕೋಲಾ ಹೋಂಕಿಲಹ್ತಿ ಎಂಬಲ್ಲಿ ಜನಿಸಿದರು. ಹೆಲ್ಸಿಂಕಿ ವಿಶ್ವವಿದ್ಯಾನಿಲಯದಲ್ಲಿ ಮೊದಲು ರಸಾಯನಶಾಸ್ತ್ರವನ್ನು ಅಭ್ಯಸಿಸಿ, ಅನಂತರ ಶಿಲಾವಿಜ್ಞಾನದತ್ತ ಹೊರಳಿದರು. ೧೯೨೪ರಿಂದ ೧೯೫೩ರವರೆಗೆ ಅಲ್ಲಿಯೇ ಪ್ರಾಧ್ಯಾಪಕರಾಗಿದ್ದರು.

ಸಂಶೋಧನೆ

ದಕ್ಷಿಣ ಫಿನ್ಲೆಂಡಿನ ಒರಿಯಾರ್ವಿ ಪ್ರದೇಶದ ಶಿಲೆಗಳನ್ನು ಎಸ್ಕೋಲಾ ನಾರ್ವೆಯ ಓಸ್ಲೋ ಸುತ್ತಮುತ್ತಲಿನ ಶಿಲೆಗಳೊಂದಿಗೆ ಹೋಲಿಸಿದರು. ಓಸ್ಲೋ ಶಿಲೆಗಳನ್ನು ವಿಕ್ಟರ್ ಗೋಲ್ಡ್‌ಸ್ಮಿಟ್ ಅದಾಗಲೇ ವಿವರಿಸಿದ್ದರು. ರಾಸಾಯನಿಕ ಸಂಯೋಜನೆ ಒಂದೇ ಆಗಿದ್ದರೂ ಎರಡು ಕಡೆಯ ಖನಿಜಗಳು ಬೇರೆಬೇರೆಯಾಗಿದ್ದವು. ಉಷ್ಣತೆ ಮತ್ತು ಒತ್ತಡಗಳ ವ್ಯತ್ಯಾಸವೇ ಇದಕ್ಕೆ ಕಾರಣವೆಂದು ಅವರು ನಿರ್ಣಯಿಸಿದರು.

೧೯೨೦ರಲ್ಲಿ ಪ್ರಕಟಿಸಿದ ವರ್ಗೀಕರಣದಲ್ಲಿ ಐದು ಫೇಸೀಸ್‌ಗಳಿದ್ದವು. ಅವುಗಳಲ್ಲಿ ಎಕ್ಲೋಗೈಟ್ ಒಂದು. ಮರುವರ್ಷ ನಾರ್ವೆಯ ಎಕ್ಲೋಗೈಟುಗಳ ಕುರಿತು ವಿಸ್ತಾರವಾದ ಅಧ್ಯಯನವನ್ನು ಹೊರತಂದರು. ಎಕ್ಲೋಗೈಟಿನ ಸಂಯೋಜನೆ ಬಸಾಲ್ಟಿನದೇ. ಆದರೆ ಅಧಿಕ ಒತ್ತಡದಲ್ಲಿ ಕೆಂಪು ಗಾರ್ನೆಟ್ ಮತ್ತು ಹಸಿರು ಪೈರಾಕ್ಸೀನ್ ಖನಿಜಗಳು ಮೂಡಿ ಶಿಲೆ ಹೆಚ್ಚು ಸಾಂದ್ರವಾಗುತ್ತದೆ. ನೀಲಿ ಬಣ್ಣದ ಗ್ಲಾಕೋಫೇನ್ ಖನಿಜವುಳ್ಳ ಶಿಲೆಗಳ ಫೇಸೀಸ್ ಅನ್ನು ೧೯೩೯ರಲ್ಲಿ ಸೇರಿಸಿದರು.

ಮಹತ್ತ್ವ

ಅಷ್ಟು ಆಳಕ್ಕೆ ಇಳಿದ ಶಿಲೆ ಹೆಚ್ಚು ಕಾಯದೆ ಉಳಿಯುವುದು ಹೇಗೆಂಬ ಪ್ರಶ್ನೆಗೆ ಎಸ್ಕೋಲಾ ಅವರ ಕಾಲದಲ್ಲಿ ಸಮರ್ಪಕ ಉತ್ತರವಿರಲಿಲ್ಲ. ಉತ್ತರವನ್ನು ನೀಡಿದ ಭೂಫಲಕ ಸಿದ್ಧಾಂತವು ಪೂರ್ಣರೂಪ ತಳೆದದ್ದು ಅವರ ನಿಧನಾನಂತರ, ೧೯೬೦ರ ದಶಕದ ಕೊನೆಯಲ್ಲಿ. ಎರಡು ಫಲಕಗಳು ಸಂಧಿಸುವಲ್ಲಿ ತಣ್ಣನೆಯ ಸಾಗರತಳದ ಬಸಾಲ್ಟ್ ಭೂಗರ್ಭಕ್ಕೆ ಜಾರುತ್ತದೆ. ಅದು ಕಾಯುವುದಕ್ಕಿಂತ ವೇಗವಾಗಿ ಒತ್ತಡ ಏರುವುದರಿಂದ ಮೊದಲು ಗ್ಲಾಕೋಫೇನ್ ಶಿಲೆಯಾಗಿ, ಇನ್ನೂ ಆಳದಲ್ಲಿ ಎಕ್ಲೋಗೈಟ್ ಆಗಿ ಮಾರ್ಪಡುತ್ತದೆ. ಕ್ಯಾಲಿಫೋರ್ನಿಯಾ ಮತ್ತು ಜಪಾನಿನಲ್ಲಿ ಮೇಲಕ್ಕೆ ಬಂದಿರುವ ಇಂತಹ ನೀಲಿ ಶಿಲೆಗಳು, ಕಣ್ಮರೆಯಾದ ಪ್ರಾಚೀನ ಸಾಗರತಳದ ಕುರುಹುಗಳೆಂದು ಇಂದು ಗುರುತಿಸಲ್ಪಡುತ್ತವೆ. ಹೀಗೆ, ಫಲಕಗಳ ಕಲ್ಪನೆಯೇ ಇಲ್ಲದ ಕಾಲದಲ್ಲಿ ರೂಪಿಸಿದ ವರ್ಗೀಕರಣವು ಅವುಗಳ ಪ್ರಾಚೀನ ಗಡಿಗಳನ್ನು ಪತ್ತೆಹಚ್ಚುವ ಸಾಧನವಾಯಿತು.

ಗೌರವಗಳು

ಎಸ್ಕೋಲಾ ಅವರಿಗೆ ೧೯೫೧ರಲ್ಲಿ ಪೆನ್ರೋಸ್ ಪದಕ, ೧೯೫೮ರಲ್ಲಿ ವೊಲಾಸ್ಟನ್ ಪದಕ ಹಾಗೂ ೧೯೬೪ರಲ್ಲಿ ಆರ್ಥರ್ ಹೋಮ್ಸ್ ಅವರೊಂದಿಗೆ ವೆಟ್ಲೆಸೆನ್ ಪ್ರಶಸ್ತಿ ಲಭಿಸಿದವು. ಫಿನ್ಲೆಂಡಿನ ಔಟೋಕುಂಪುವಿನಲ್ಲಿ ದೊರೆತ ಕ್ರೋಮಿಯಂ ಆಕ್ಸೈಡ್ ಖನಿಜಕ್ಕೆ ಅವರ ಗೌರವಾರ್ಥ 'ಎಸ್ಕೋಲೈಟ್' ಎಂದು ಹೆಸರಿಡಲಾಗಿದೆ.