ಒಂದು ವಾಲ್ವ್‌ಗಾಗಿ ಹೊರಟ ಸಂದೇಶ

ಕಳೆದ ದಸರಾ ರಜೆಯಲ್ಲಿ ನಾನೊಂದು ಸಣ್ಣ ರೇಡಿಯೋ ಕಟ್ಟಲು ಕುಳಿತೆ. ರೆಸಿಸ್ಟರ್, ಟ್ರಾನ್ಸಿಸ್ಟರ್, ಸ್ಪೀಕರ್ ಎಲ್ಲವೂ ಪೇಟೆಯಲ್ಲಿ ಸಿಕ್ಕವು. ಸ್ಟೇಷನ್ ಬದಲಿಸುವ ಗ್ಯಾಂಗ್ ಕಂಡೆನ್ಸರ್ ಮಾತ್ರ ಸಿಗಲಿಲ್ಲ. ಮೂರು ಅಂಗಡಿ ಅಲೆದೆ. ಈಗ ಅದನ್ನು ಯಾರೂ ಕೇಳುವುದಿಲ್ಲ, ಹಾಗಾಗಿ ತರಿಸುವುದೂ ಇಲ್ಲ ಎಂದು ಅಂಗಡಿಯವರು ಕೈಯಾಡಿಸಿದರು. ಕೊನೆಗೆ ಟಿ.ವಿ. ರಿಪೇರಿ ಮಾಡುವ ನಮ್ಮ ಮಾಮು, ತಮಗೆ ಪರಿಚಯವಿದ್ದ ಒಬ್ಬ ಹವ್ಯಾಸಿ ರೇಡಿಯೋದವರ, ಅಂದರೆ ಹ್ಯಾಮ್ ಒಬ್ಬರ ಮನೆಗೆ ನನ್ನನ್ನು ಕಳಿಸಿದರು. ಆ ಹಿರಿಯರು ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತೆರೆದು ಎರಡು ಕಂಡೆನ್ಸರ್ ತೆಗೆದು ನನ್ನ ಕೈಗಿಟ್ಟರು. ಹಣ ಮುಟ್ಟಲಿಲ್ಲ. ಒಂದು ನನಗೆ, ಇನ್ನೊಂದು ನನ್ನ ಬಳಿ ಕೇಳಿಕೊಂಡು ಬರುವವರಿಗೆ ಎಂದರು. ಹೊರಡುವಾಗ, ಹೈರಮ್ ಪರ್ಸಿ ಮ್ಯಾಕ್ಸಿಮ್ ಯಾರೆಂದು ಓದಿ ತಿಳಿದುಕೋ ಎಂದೂ ಹೇಳಿದರು. ಓದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮ್ಯಾಕ್ಸಿಮ್ ಹುಟ್ಟಿದ್ದು 1869ರ ಸೆಪ್ಟೆಂಬರ್ 2ರಂದು, ಅಮೆರಿಕದ ಬ್ರೂಕ್ಲಿನ್‌ನಲ್ಲಿ. ತಂದೆಯ ಹೆಸರನ್ನು ನಮ್ಮ ಇತಿಹಾಸ ವಿಭಾಗದವರು ಕೇಳಿರಬಹುದು. ಮ್ಯಾಕ್ಸಿಮ್ ಗನ್ ಎಂಬ ಮಷಿನ್ ಗನ್ ಮಾಡಿದ ಸರ್ ಹೈರಮ್ ಸ್ಟೀವನ್ಸ್ ಮ್ಯಾಕ್ಸಿಮ್ ಅವರೇ ಇವರ ತಂದೆ. ಚಿಕ್ಕಪ್ಪ ಹಡ್ಸನ್ ಸ್ಫೋಟಕಗಳನ್ನು ಕಂಡುಹಿಡಿದವರು. ಮಗ ಇನ್ನೂ ಹುಡುಗನಾಗಿದ್ದಾಗಲೇ ತಂದೆ ಯುರೋಪಿಗೆ ಹೋದರು, ಮತ್ತೆ ಈ ಸಂಸಾರಕ್ಕೆ ಮರಳಲಿಲ್ಲ. ತಾಯಿಯ ಆಸರೆಯಲ್ಲಿ ಬೆಳೆದ ಪರ್ಸಿ 1886ರಲ್ಲಿ ಎಂಐಟಿಯಿಂದ ಓದು ಮುಗಿಸಿ ಹೊರಬಂದಾಗ ವಯಸ್ಸು ಕೇವಲ 16. ಆ ವಯಸ್ಸಿಗೆ ನಾವು ಪ್ರಥಮ ಪಿಯುಸಿಯ ಅರ್ಜಿ ತುಂಬುತ್ತಿರುತ್ತೇವೆ!

ಬಳಿಕ ಲಿನ್ ಎಂಬ ಊರಿನ ಮದ್ದುಗುಂಡು ಕಾರ್ಖಾನೆಯೊಂದರಲ್ಲಿ ಕೆಲಸ. ಅಲ್ಲಿ ಖಾಲಿ ಬಿದ್ದಿದ್ದ ಫಿರಂಗಿ ತೋಟಾದ ಕೊಳವೆಯೊಳಗೆ ಒಂದು ಹನಿ ಪೆಟ್ರೋಲ್ ಹಾಕಿ, ಬೆಂಕಿಕಡ್ಡಿ ಗೀರಿ, ಅದರ ಶಕ್ತಿ ಎಷ್ಟೆಂದು ನೋಡಿದರು. ತಾವೇ ಮಾಡಿದ ಎಂಜಿನ್ ಅನ್ನು ಹಳೆಯ ಮೂರು ಚಕ್ರದ ಸೈಕಲ್‌ಗೆ ಕೂರಿಸಿದರು. ಇದರಿಂದಾಗಿ 1895ರಲ್ಲಿ ಹಾರ್ಟ್‌ಫರ್ಡ್ ನಗರದ ಪೋಪ್ ಕಂಪನಿಯಲ್ಲಿ ಮೋಟಾರು ವಾಹನ ಮಾಡುವ ಕೆಲಸ ಸಿಕ್ಕಿತು. 1909ರಲ್ಲಿ ಬಂದೂಕಿನ ಸದ್ದು ಅಡಗಿಸುವ ಸೈಲೆನ್ಸರ್‌ಗೆ ಪೇಟೆಂಟ್ ಪಡೆದರು. ಸ್ನಾನದ ತೊಟ್ಟಿಯ ನೀರು ಸುಳಿ ಸುತ್ತಿ ಇಳಿಯುವುದನ್ನು ಕಂಡಾಗ ಈ ಉಪಾಯ ಹೊಳೆಯಿತಂತೆ. ತಂದೆ ತಮ್ಮ ಬಂದೂಕುಗಳ ಸದ್ದಿಗೇ ಕಿವುಡರಾದವರು, ಮಗ ಸದ್ದನ್ನು ಅಡಗಿಸಿದವರು. ಆದರೂ ಎರಡೂ ಬಂದೂಕಿನ ಕೆಲಸವೇ. ಇಷ್ಟಕ್ಕೇ ನಿಂತಿದ್ದರೆ ನಾನು ಇವರ ಬಗ್ಗೆ ಬರೆಯುತ್ತಿರಲಿಲ್ಲ.

ರೇಡಿಯೋ ಅವರಿಗೆ ಅಂಟಿದ್ದು ನಲವತ್ತು ದಾಟಿದ ಮೇಲೆ, ಮಗನಿಂದ. ಹುಡುಗ ವೈರ್‌ಲೆಸ್ ಆಡುತ್ತಿದ್ದ, ಅಪ್ಪನೂ ಜೊತೆಗೆ ಕುಳಿತರು. ಆಗಿನ ಹವ್ಯಾಸಿಗಳಿಗೆ ಈಗಿನಂತೆ ಕಿಟ್ ಸಿಗುತ್ತಿರಲಿಲ್ಲ. ಓಟ್ಸ್ ತುಂಬಿ ಬರುತ್ತಿದ್ದ ದುಂಡನೆಯ ರಟ್ಟಿನ ಡಬ್ಬಿಗೆ ತಂತಿ ಸುತ್ತಿದರೆ ಕಾಯಿಲ್. ಫೋಟೋ ತೆಗೆಯುವ ಗಾಜಿನ ಫಲಕಕ್ಕೆ ತವರದ ಹಾಳೆ ಅಂಟಿಸಿದರೆ ಕಂಡೆನ್ಸರ್. ಫೋರ್ಡ್ ಕಾರಿನ ಇಗ್ನಿಷನ್ ಕಾಯಿಲ್‌ನಿಂದ ಕಿಡಿ ಹಾರಿಸಿದರೆ ಅದೇ ಪ್ರೇಷಕ. ಕೇಳಲು ಗೆಲೀನಾ ಎಂಬ ಖನಿಜದ ತುಂಡು ಸಾಕು. ಇವೆಲ್ಲ ಮನೆಯಲ್ಲೇ ಆಗುವಂಥವು.

ಮನೆಯಲ್ಲಿ ಮಾಡಲಾಗದ ವಸ್ತು ಒಂದೇ ಒಂದಿತ್ತು. ಅದು ಲೀ ಡಿ ಫಾರೆಸ್ಟ್ ಕಂಡುಹಿಡಿದ ಆಡಿಯಾನ್ ಎಂಬ ವಾಲ್ವ್. ನಮ್ಮ ಎಲೆಕ್ಟ್ರಾನಿಕ್ಸ್ ಪುಸ್ತಕದಲ್ಲಿ ಟ್ರಯೋಡ್ ಎಂದು ಹೇಳುವುದರ ಮೊದಲ ರೂಪ ಅದು. ಗಾಜಿನ ಬುರುಡೆಯೊಳಗೆ ಕಾದ ಫಿಲಮೆಂಟ್, ಎದುರಿಗೆ ಪ್ಲೇಟ್, ನಡುವೆ ತಂತಿಯ ಗ್ರಿಡ್. ಖನಿಜದ ತುಂಡು ಸಂಕೇತವನ್ನು ಬರೀ ಹಿಡಿದು ಕೊಡುತ್ತದೆ, ಆಡಿಯಾನ್ ಅದನ್ನು ದೊಡ್ಡದು ಮಾಡಬಲ್ಲದು. ಆದರೆ ಬೆಲೆ ಹೆಚ್ಚು, ಸಿಗುವುದು ಕಷ್ಟ, ಫಿಲಮೆಂಟ್ ಬೇಗ ಸುಟ್ಟುಹೋಗುತ್ತಿತ್ತು. ಒಂದು ಸುಟ್ಟರೆ ಇನ್ನೊಂದು ಇರಲಿ ಎಂದು ಕೆಲವು ಬುರುಡೆಗಳಲ್ಲಿ ಎರಡು ಫಿಲಮೆಂಟ್ ಹಾಕಿರುತ್ತಿದ್ದರು. ಇಂಥ ವಾಲ್ವ್ ಒಂದು ಯಾರ ಬಳಿಯಾದರೂ ಹೆಚ್ಚಿಗೆ ಇದೆ ಎಂದರೆ ಅದು ಊರೂರಿಗೆ ಹಬ್ಬುವ ಸುದ್ದಿ.

1914ರ ಏಪ್ರಿಲ್‌ನಲ್ಲಿ ಅಂಥ ಸುದ್ದಿ ಮ್ಯಾಕ್ಸಿಮ್ ಕಿವಿಗೂ ಬಿತ್ತು. ಸ್ಪ್ರಿಂಗ್‌ಫೀಲ್ಡ್ ಎಂಬ ಊರಿನ ಹವ್ಯಾಸಿಯೊಬ್ಬರು ಒಂದು ಆಡಿಯಾನ್ ಕೊಡಲು ಸಿದ್ಧರಿದ್ದರು. ಹಾರ್ಟ್‌ಫರ್ಡ್‌ನಿಂದ ಆ ಊರು ಸುಮಾರು 40 ಕಿಲೋಮೀಟರ್. ಮ್ಯಾಕ್ಸಿಮ್ ಅವರದು ಕಾನೂನು ಅನುಮತಿಸುವಷ್ಟೂ ಶಕ್ತಿಯ, ಒಂದು ಕಿಲೋವ್ಯಾಟ್‌ನ ನಿಲ್ದಾಣ. ಎಷ್ಟು ಕೀಲಿ ಒತ್ತಿದರೂ ಸ್ಪ್ರಿಂಗ್‌ಫೀಲ್ಡ್‌ಗೆ ಕೇಳಿಸಲಿಲ್ಲ. ಆಗ ಎರಡೂ ಊರುಗಳ ನಡುವೆ ವಿಂಡ್ಸರ್ ಲಾಕ್ಸ್‌ನಲ್ಲಿದ್ದ ಇನ್ನೊಬ್ಬ ಹವ್ಯಾಸಿಯ ನೆನಪಾಯಿತು. ಅವರನ್ನು ಕರೆದು ಸಂದೇಶ ಕೊಟ್ಟರು, ಅವರು ಅದನ್ನು ಮುಂದಕ್ಕೆ ದಾಟಿಸಿದರು. ವಾಲ್ವಿನ ಮಾತು ಹೀಗೆ ಕುದುರಿತು.

ಬೇರೆ ಯಾರಾದರೂ ಆಗಿದ್ದರೆ ವಾಲ್ವ್ ಸಿಕ್ಕಿತಲ್ಲ ಎಂದು ಸುಮ್ಮನಾಗುತ್ತಿದ್ದರು (ನಾನಂತೂ ಆಗುತ್ತಿದ್ದೆ). ಮ್ಯಾಕ್ಸಿಮ್‌ಗೆ ಆ ನಡುವಿನ ಮನುಷ್ಯ ಮನಸ್ಸಿನಿಂದ ಹೋಗಲಿಲ್ಲ. ಒಂದು ಊರು ದಾಟಿಸಲು ಒಬ್ಬರು ಸಾಕಾದರೆ, ದೇಶ ದಾಟಿಸಲು ಎಷ್ಟು ಜನ ಬೇಕು? ಅದೇ ತಿಂಗಳು ಹಾರ್ಟ್‌ಫರ್ಡ್ ರೇಡಿಯೋ ಕ್ಲಬ್ಬಿನ ಸಭೆಯಲ್ಲಿ ಈ ಲೆಕ್ಕವನ್ನು ಮುಂದಿಟ್ಟರು. ಮೇ ತಿಂಗಳಿಗೆ ಅಮೆರಿಕನ್ ರೇಡಿಯೋ ರಿಲೇ ಲೀಗ್ ಹುಟ್ಟಿತು. ಜೊತೆಗೆ ನಿಂತು ಕಟ್ಟಿದ ಕ್ಲಾರೆನ್ಸ್ ಟಸ್ಕಾಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1915ರ ಡಿಸೆಂಬರ್‌ನಲ್ಲಿ ಕ್ಯೂಎಸ್‌ಟಿ ಎಂಬ ಪತ್ರಿಕೆ ಹೊರಟಿತು. 1917ರ ಫೆಬ್ರವರಿಯಲ್ಲಿ ನ್ಯೂಯಾರ್ಕ್‌ನಿಂದ ಹೊರಟ ಸಂದೇಶವೊಂದು ಹವ್ಯಾಸಿಗಳ ಕೈಯಿಂದ ಕೈಗೆ ಲಾಸ್ ಏಂಜಲೀಸ್ ತಲುಪಿ, ಉತ್ತರ ಒಂದು ಗಂಟೆ ಇಪ್ಪತ್ತು ನಿಮಿಷದಲ್ಲಿ ವಾಪಸು ಬಂತು.

ಎರಡೇ ತಿಂಗಳಲ್ಲಿ ಅಮೆರಿಕ ಯುದ್ಧಕ್ಕಿಳಿಯಿತು. ಎಲ್ಲ ಹವ್ಯಾಸಿ ನಿಲ್ದಾಣಗಳನ್ನು ಮುಚ್ಚಬೇಕೆಂದು ಸರ್ಕಾರ ಆಜ್ಞೆ ಹೊರಡಿಸಿತು. ಯುದ್ಧ ಮುಗಿದರೂ ಬಾಗಿಲು ತೆರೆಯಲಿಲ್ಲ. ರೇಡಿಯೋ ಪೂರ್ತಿ ನೌಕಾಪಡೆಯ ಹಿಡಿತದಲ್ಲೇ ಇರಲಿ ಎಂಬ ಮಸೂದೆ ಬಂತು. ಮ್ಯಾಕ್ಸಿಮ್ ವಾಷಿಂಗ್ಟನ್‌ಗೆ ಹೋಗಿ ಸಂಸತ್ತಿನ ಸಮಿತಿಯೆದುರು ಹವ್ಯಾಸಿಗಳ ಪರ ವಾದಿಸಿದರು. ಆ ಮಸೂದೆ ಬಿದ್ದುಹೋಯಿತು. ಸಂಘದ ಪೆಟ್ಟಿಗೆಯೂ ಬರಿದಾಗಿತ್ತು, ಸದಸ್ಯರೇ ಬಾಂಡ್ ಕೊಂಡು ಸಾಲ ಕೊಟ್ಟರು. 1919ರ ಅಕ್ಟೋಬರ್‌ನಲ್ಲಿ ಮತ್ತೆ ಪ್ರಸಾರಕ್ಕೆ ಅನುಮತಿ ಸಿಕ್ಕಿತು. ನನಗೆ ಅವರ ಬದುಕಿನಲ್ಲಿ ಅತಿ ದೊಡ್ಡದಾಗಿ ಕಾಣುವುದು ಇದೇ. ಆಗ ಅವರು ಸುಮ್ಮನಿದ್ದಿದ್ದರೆ, ಆ ಹಿರಿಯರ ಬಿಸ್ಕತ್ತಿನ ಡಬ್ಬಿ ಇರುತ್ತಿತ್ತೋ ಇಲ್ಲವೋ.

ಆಮೇಲಿನದು ಬೇಗ ಬೇಗ ನಡೆಯಿತು. 1923ರಲ್ಲಿ ಹವ್ಯಾಸಿಗಳು ಅಟ್ಲಾಂಟಿಕ್ ಸಾಗರದಾಚೆಗೆ ಪರಸ್ಪರ ಮಾತಾಡಿದರು. 1925ರಲ್ಲಿ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಹವ್ಯಾಸಿ ರೇಡಿಯೋ ಒಕ್ಕೂಟ ಸೇರಿದಾಗ ಮ್ಯಾಕ್ಸಿಮ್ ಅದರ ಮೊದಲ ಅಧ್ಯಕ್ಷರಾದರು. ನಮ್ಮ ದೇಶದ ಹವ್ಯಾಸಿ ಸಂಘವೂ ಈಗ ಅದರ ಸದಸ್ಯ. ಪತ್ರಿಕೆಯಲ್ಲಿ 'ಮುದುಕ' ಎಂಬ ಅರ್ಥದ ಗುಪ್ತನಾಮದಲ್ಲಿ, ಗಾಳಿಯಲ್ಲಿ ಅಡ್ಡಾದಿಡ್ಡಿ ಗದ್ದಲ ಮಾಡುವವರನ್ನು ಬೈದು ನಗಿಸುವ ಬರಹಗಳು ಬರುತ್ತಿದ್ದವು. ಆ ಮುದುಕ ಇವರೇ ಎಂಬುದು ಲೋಕಕ್ಕೆ ತಿಳಿದದ್ದು ಇವರು ತೀರಿಕೊಂಡ ಮೇಲೆ.

1936ರ ಫೆಬ್ರವರಿಯಲ್ಲಿ ಲಿಕ್ ಖಗೋಳ ವೀಕ್ಷಣಾಲಯ ನೋಡಲು ಕ್ಯಾಲಿಫೋರ್ನಿಯಾದತ್ತ ರೈಲಿನಲ್ಲಿ ಹೊರಟಿದ್ದರು. ದಾರಿಯಲ್ಲಿ ಗಂಟಲಿನ ಸೋಂಕು ಜೋರಾಯಿತು. ಕೊಲೊರಾಡೋದ ಲಾ ಹಂಟಾ ಎಂಬ ಊರಿನಲ್ಲಿ ಇಳಿಸಿ ಆಸ್ಪತ್ರೆಗೆ ಸೇರಿಸಿದರು. 17ರಂದು ಅಲ್ಲೇ ಕಣ್ಮುಚ್ಚಿದರು. ವಯಸ್ಸು 66. ಅವರ ಕರೆಸಂಕೇತ ಡಬ್ಲ್ಯು1ಎಡಬ್ಲ್ಯು ಅನ್ನು ಲೀಗ್‌ನ ನಿಲ್ದಾಣಕ್ಕೇ ಕೊಟ್ಟರು. ಇಂದಿಗೂ ನ್ಯೂಯಿಂಗ್ಟನ್‌ನಿಂದ ಆ ಹೆಸರಿನಲ್ಲೇ ಪ್ರಸಾರ ನಡೆಯುತ್ತದೆ. ಅವರು ಕಿಡಿ ಹಾರಿಸುತ್ತಿದ್ದ, ಪ್ರೀತಿಯಿಂದ 'ಓಲ್ಡ್ ಬೆಟ್ಸಿ' ಎಂದು ಕರೆಯುತ್ತಿದ್ದ ಯಂತ್ರವೂ ಅಲ್ಲೇ ಇದೆ.

ನನ್ನ ರೇಡಿಯೋ ಎರಡನೆಯ ಪ್ರಯತ್ನಕ್ಕೆ ಹಾಡಿತು. ಮೊದಲ ಸಲ ಟ್ರಾನ್ಸಿಸ್ಟರ್ ತಿರುವುಮುರುವಾಗಿ ಬೆಸೆದಿದ್ದೆ, ಅದು ಬೇರೆ ಮಾತು. ಎರಡನೆಯ ಗ್ಯಾಂಗ್ ಕಂಡೆನ್ಸರ್ ಇನ್ನೂ ನನ್ನ ಬಳಿ ಇದೆ. ಮಾಮು ಅಂಗಡಿಯಿಂದ ತಂದ ಕೆಲವು ಐಎಫ್‌ಟಿ, ಫೆರೈಟ್ ರಾಡ್, ಒಂದು ಹಿಡಿ ಡಯೋಡ್ ಸೇರಿಸಿ ಎಲ್ಲವನ್ನೂ ಒಂದು ಡಬ್ಬಿಗೆ ಹಾಕಿದ್ದೇನೆ. ನಮ್ಮ ಎಲೆಕ್ಟ್ರಾನಿಕ್ಸ್ ಸರ್ ಪ್ರಯೋಗಾಲಯದ ಕಪಾಟಿನ ಕೆಳಗಿನ ಅರೆಯಲ್ಲಿ ಅದಕ್ಕೆ ಜಾಗ ಕೊಟ್ಟಿದ್ದಾರೆ. ಬೇಕಾದವರು ಶುಕ್ರವಾರ ಜುಮಾ ಬಿಡುವಿನ ನಂತರ ಬಂದು ಕೇಳಿ. ಮನೆಯಲ್ಲಿ ಕೆಟ್ಟ ರೇಡಿಯೋ ಇದ್ದವರು ಗುಜರಿಗೆ ಹಾಕುವ ಮೊದಲು ಅದನ್ನೂ ತನ್ನಿ, ಬಿಚ್ಚುವ ಕೆಲಸ ನನ್ನದು.