ಮಂಜೇಶ್ವರದಲ್ಲಿ ಮನೆ ಹೂಡಿದ ಕವಿ

ನೇತ್ರಾವತಿಯನ್ನು ದಾಟಿ, ಕಡಲನ್ನು ಬಲಗಡೆಗೆ ಇರಿಸಿಕೊಂಡು, ಮಂಗಳೂರಿನಿಂದ ತೆಂಕಣಕ್ಕೆ ಇಪ್ಪತ್ತು ಕಿಲೋಮೀಟರಿನಷ್ಟು ಬಂದರೆ ಮಂಜೇಶ್ವರ ಸಿಗುತ್ತದೆ. ಪಡುವಣದಲ್ಲಿ ಅರಬ್ಬೀ ಸಮುದ್ರ. ಮೂಡಣದಲ್ಲಿ ಮುರಕಲ್ಲಿನ ಗುಡ್ಡಗಳು. ಅವೆರಡರ ನಡುವೆ ತೆಂಗಿನ ತೋಟಗಳು, ಗದ್ದೆಗಳು, ಕಡಲನ್ನು ಸೇರುವ ಹೊಳೆ. ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆಯಿದು. ಅನಂತೇಶ್ವರ ದೇವಾಲಯದಿಂದಲೂ ಜೈನ ಬಸದಿಗಳಿಂದಲೂ ಹಳೆಯ ಕೀರ್ತಿಯನ್ನು ಪಡೆದ ಊರಾದರೂ, ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅದು ಕಾಲೇಜುಗಳಿಗೂ ಗ್ರಂಥಾಲಯಗಳಿಗೂ ಅಚ್ಚುಕೂಟಗಳಿಗೂ ದೂರವಾಗಿದ್ದ ಒಂದು ಚಿಕ್ಕ ಗ್ರಾಮ. ಅಂತಹ ಊರಿಗೆ ಬಂದು ಸಂಸಾರ ಹೂಡಿ, ಅದನ್ನೇ ತಮ್ಮ ನೆಲೆಯೆಂದು ನಂಬಿ ಬಾಳಿದ ಮಹನೀಯರೊಬ್ಬರ ಚರಿತ್ರೆಯನ್ನು ಈ ಸ್ಮರಣಸಂಚಿಕೆಯ ವಾಚಕರ ಮುಂದೆ ಇಡುವುದು ಉಚಿತವೆಂದು ಭಾವಿಸುತ್ತೇನೆ. ಅವರೇ ರಾಷ್ಟ್ರಕವಿ ಮಂಜೇಶ್ವರ ಗೋವಿಂದ ಪೈಗಳು.

ಗೋವಿಂದ ಪೈಗಳು ಹುಟ್ಟಿದ್ದು 1883ನೆಯ ಮಾರ್ಚ್ 23ರಂದು, ಮಂಜೇಶ್ವರದಲ್ಲಿದ್ದ ತಾಯಿಯ ತವರುಮನೆಯಲ್ಲಿ. ತಂದೆ ಮಂಗಳೂರಿನ ಸಾಹುಕಾರ ತಿಮ್ಮಪ್ಪ ಪೈಗಳು, ತಾಯಿ ದೇವಕಿಯಮ್ಮನವರು. ಹುಟ್ಟಿದ ಊರು ಮಂಜೇಶ್ವರವಾದರೂ ಓದಿ ಬೆಳೆದದ್ದು ಮಂಗಳೂರಿನಲ್ಲಿ. ಅಲ್ಲಿನ ಶಾಲೆಯಲ್ಲಿ ಪಂಜೆ ಮಂಗೇಶರಾಯರು ಅವರಿಗೆ ಗುರುಗಳಾಗಿ ದೊರೆತರು. ಮಕ್ಕಳಿಗಾಗಿ ತಿಳಿಗನ್ನಡದ ಹಾಡುಗಳನ್ನೂ ಕತೆಗಳನ್ನೂ ಕೊಟ್ಟ ಪಂಜೆಯವರ ಸಾನ್ನಿಧ್ಯ ಶಿಷ್ಯನ ಪುಣ್ಯವೆಂದೇ ಹೇಳಬೇಕು. ಪ್ರೌಢಶಾಲೆಯ ವ್ಯಾಸಂಗ ಮುಗಿದ ಮೇಲೆ ಅವರು ಮದರಾಸಿಗೆ ತೆರಳಿ, ಕ್ರಿಶ್ಚಿಯನ್ ಕಾಲೇಜಿನಲ್ಲಿ ಪದವಿ ತರಗತಿಗೆ ಸೇರಿದರು.

ಮದರಾಸು ಆಗ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೂ ಸೇರಿದ್ದ ಪ್ರಾಂತದ ರಾಜಧಾನಿ. ವಿದ್ಯಾವಂತನಾದ ತರುಣನಿಗೆ ಸರಕಾರಿ ಹುದ್ದೆ, ವಕೀಲಿ, ಅಧ್ಯಾಪನ, ಹೀಗೆ ಹತ್ತು ದಾರಿಗಳು ಅಲ್ಲಿ ತೆರೆದಿದ್ದವು. ಪೈಗಳ ಬುದ್ಧಿಶಕ್ತಿಗೆ ಕೊರತೆಯಿರಲಿಲ್ಲ. ಇಂಗ್ಲಿಷಿನಲ್ಲಿ ಅವರು ಚಿನ್ನದ ಪದಕವನ್ನೇ ಗಳಿಸಿದರು. ಆದರೆ ಅಂತಿಮ ಪರೀಕ್ಷೆಯ ಸಮಯದಲ್ಲಿ ತಂದೆಯ ಕಾಯಿಲೆ ವಿಷಮಿಸಿತೆಂಬ ವಾರ್ತೆ ಬಂದಿತು. ಪರೀಕ್ಷೆಯನ್ನು ಪೂರೈಸದೆಯೇ ಅವರು ಊರಿಗೆ ಮರಳಿದರು. ತಂದೆಯವರು ಉಳಿಯಲಿಲ್ಲ. ಹಿರಿಯ ಮಗನಾದ ಪೈಗಳ ಹೆಗಲಿಗೆ ಮನೆತನದ ಹೊಣೆ ಬಿದ್ದಿತು. ಪದವಿ ಕೈತಪ್ಪಿದ್ದು ಹೀಗೆ. ಮುಂದೆ ಕನ್ನಡನಾಡಿನ ವಿದ್ವಾಂಸರೆಲ್ಲ ತಲೆಬಾಗಿದ ಪಂಡಿತರು ಬಿ.ಎ. ಎಂಬ ಎರಡಕ್ಷರವನ್ನು ಪಡೆಯದೆಯೇ ಉಳಿದರೆಂಬುದನ್ನು ನಮ್ಮ ವಿದ್ಯಾರ್ಥಿಗಳು ನೆನಪಿನಲ್ಲಿಡಬೇಕು.

ತಾಯಿಯ ತಂದೆಯ ಆಸ್ತಿಗೆ ಪೈಗಳೇ ಉತ್ತರಾಧಿಕಾರಿಗಳಾದರು. ಅದನ್ನು ನೋಡಿಕೊಳ್ಳಬೇಕಾದ ಕಾರಣದಿಂದ ಅವರು ಮಂಜೇಶ್ವರಕ್ಕೆ ಬಂದು, ಪತ್ನಿ ಕೃಷ್ಣಾಬಾಯಿಯವರೊಡನೆ ಅಲ್ಲಿಯೇ ನೆಲೆನಿಂತರು. ಈ ಸ್ಥಳಾಂತರವನ್ನು ಇಂದಿನ ಕಣ್ಣಿನಿಂದ ನೋಡಿದರೆ ಅದರ ಭಾರ ತಿಳಿಯುವುದಿಲ್ಲ. ಮಂಗಳೂರಿಗೆ ರೈಲು ಮುಟ್ಟಿದ್ದೇ 1907ರಲ್ಲಿ. ಅದಕ್ಕೆ ಮೊದಲು ಹೊಳೆ ಹೊಳೆಗೂ ದೋಣಿಗಾಗಿ ಕಾಯಬೇಕಿತ್ತು. ಮಳೆಗಾಲದಲ್ಲಿ ಹೊಳೆ ತುಂಬಿ ಹರಿದರೆ ಕಡವು ನಿಂತು, ಅತ್ತಣವರು ಅತ್ತ, ಇತ್ತಣವರು ಇತ್ತ. ನಮ್ಮ ಕರಾವಳಿಯ ಮನೆಗಳಲ್ಲಿ ಬೇಸಗೆ ಎಂದರೆ ಮಳೆಗಾಲಕ್ಕೆ ಸಿದ್ಧತೆಯ ಕಾಲ. ಸೌದೆಯನ್ನು ಕೊಟ್ಟಿಗೆಗೆ ಸೇರಿಸಬೇಕು. ಹಪ್ಪಳ ಸಂಡಿಗೆಗಳನ್ನು ಒಣಗಿಸಬೇಕು. ಉಪ್ಪಿನಕಾಯಿಯ ಭರಣಿಯ ಬಾಯಿ ಕಟ್ಟಬೇಕು. ಮಾಡಿನ ಹಂಚನ್ನೋ ಮುಳಿಹುಲ್ಲನ್ನೋ ಸರಿಪಡಿಸಬೇಕು. ಆಟಿ ತಿಂಗಳ ಕತ್ತಲೆಯಲ್ಲಿ ಹಗಲು ಹೊತ್ತಿನಲ್ಲಿಯೇ ದೀಪ ಹಚ್ಚಬೇಕಾಗುತ್ತಿತ್ತು. ಪುಸ್ತಕಗಳಿಗಂತೂ ಈ ಹವೆ ಕಡುವೈರಿ. ಗೋಡೆಯ ತೇವದಿಂದ ರಟ್ಟುಗಳಿಗೆ ಬೂಷ್ಟು ಹಿಡಿಯುತ್ತದೆ. ಗೆದ್ದಲು ಒಂದೇ ಮಳೆಗಾಲದಲ್ಲಿ ಒಂದು ಪೆಟ್ಟಿಗೆಯ ವಿದ್ಯೆಯನ್ನು ಮಣ್ಣುಮಾಡಬಲ್ಲುದು.

ಇಂತಹ ಊರಿನಲ್ಲಿ ಪೈಗಳು ಕಟ್ಟಿದ್ದು ಒಂದು ಗ್ರಂಥಭಂಡಾರವನ್ನು. ನಗರದ ವಿದ್ವಾಂಸನು ಗ್ರಂಥಾಲಯಕ್ಕೆ ನಡೆದು ಹೋಗುತ್ತಾನೆ. ಪೈಗಳು ಗ್ರಂಥಾಲಯವನ್ನೇ ಮನೆಗೆ ಕರೆತಂದರು. ಕಾವ್ಯ, ಶಾಸನ, ಇತಿಹಾಸ, ನಿಘಂಟು, ಧರ್ಮಗ್ರಂಥ, ಹೀಗೆ ಸಾವಿರಾರು ಹೊತ್ತಗೆಗಳು ಅಲ್ಲಿ ಸೇರಿದವು. ಅವುಗಳನ್ನು ಮೂಲದಲ್ಲಿಯೇ ಓದಬೇಕೆಂಬ ಹಟದಿಂದ ಅವರು ಭಾಷೆಗಳನ್ನು ಕಲಿಯತೊಡಗಿದರು. ಮನೆಮಾತು ಕೊಂಕಣಿ, ಊರಿನ ಮಾತು ತುಳು, ನೆರೆಯ ಮಾತು ಮಲಯಾಳ, ಬರವಣಿಗೆಯ ಮಾತು ಕನ್ನಡ. ಇವುಗಳ ಮೇಲೆ ಸಂಸ್ಕೃತ, ಪಾಲಿ, ಬಂಗಾಳಿ, ಗ್ರೀಕ್ ಮೊದಲಾದವು ಸೇರಿ, ಅವರಿಗೆ ಪರಿಚಿತವಾದ ಭಾಷೆಗಳು ಸುಮಾರು 25 ಎಂದು ಬಲ್ಲವರು ಎಣಿಸುತ್ತಾರೆ. ಗುರುಗಳಿಲ್ಲದ ಊರಿನಲ್ಲಿ ಗ್ರಂಥಗಳೇ ಗುರುಗಳಾದವು. ಹೊರಗೆ ಹೋಗಲಾಗದ ದೀರ್ಘವಾದ ಮಳೆಗಾಲವು ಓದುವವನಿಗೆ ಶಾಪವಲ್ಲ, ವರ ಎಂಬುದಕ್ಕೆ ಅವರ ಬಾಳೇ ಸಾಕ್ಷಿ.

ಕನ್ನಡ ಕಾವ್ಯದ ಚರಿತ್ರೆಯಲ್ಲಿ ಪೈಗಳ ಹೆಸರು ಮೊದಲು ನಿಲ್ಲುವುದು 1911ರ ಒಂದು ನಿರ್ಧಾರದಿಂದ. ಪದ್ಯದ ಪ್ರತಿ ಪಾದದ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರಬೇಕೆಂಬುದು ಹಳೆಯ ಕವಿಗಳು ನಿಷ್ಠೆಯಿಂದ ಪಾಲಿಸಿಕೊಂಡು ಬಂದಿದ್ದ ನಿಯಮ. ಅದನ್ನೇ ದ್ವಿತೀಯಾಕ್ಷರ ಪ್ರಾಸವೆನ್ನುತ್ತೇವೆ. ಆ ಕಟ್ಟಿಗೆ ಸಿಕ್ಕಿ ಅನೇಕ ವೇಳೆ ಭಾವವು ಬಾಗಬೇಕಾಗುತ್ತಿತ್ತು. ಪೈಗಳು ಅದನ್ನು ತೊರೆದು ಬರೆಯಲು ತೊಡಗಿದರು. ಪಂಡಿತರಲ್ಲಿ ಕೆಲವರು ಮುನಿದರು, ಸಂಪ್ರದಾಯಭಂಗವೆಂದು ಆಕ್ಷೇಪಿಸಿದರು. ಪೈಗಳು ಹಿಂದೆಗೆಯಲಿಲ್ಲ. ಬಿ. ಎಂ. ಶ್ರೀಕಂಠಯ್ಯನವರ ‘ಇಂಗ್ಲಿಷ್ ಗೀತಗಳು’ ಕನ್ನಡಿಗರ ಕೈಗೆ ಬರುವುದಕ್ಕೆ ಎಷ್ಟೋ ಮೊದಲೇ, ನವೋದಯದ ಒಂದು ಬಾಗಿಲು ನಮ್ಮ ಕರಾವಳಿಯಲ್ಲಿ ತೆರೆದಿತ್ತು ಎಂಬುದು ನಮಗೆ ಅಭಿಮಾನದ ವಿಷಯ.

ಸಂಸಾರದ ಸುಖವು ಅವರ ಪಾಲಿಗೆ ದೀರ್ಘವಾಗಿ ಉಳಿಯಲಿಲ್ಲ. 1927ರಲ್ಲಿ ಪತ್ನಿ ತೀರಿಕೊಂಡರು. ನಾಲ್ವತ್ತನಾಲ್ಕರ ವಯಸ್ಸು, ಮುಂದೆ ಬಾಳಬೇಕಾದ ವರ್ಷಗಳು ಇನ್ನೂ ಮೂವತ್ತಾರು. ಆ ಅಗಲಿಕೆಯ ಶೋಕ ‘ನಂದಾದೀಪ’ದ ಕವಿತೆಗಳಾಗಿ ಹರಿಯಿತು. ದೊಡ್ಡ ಮನೆ, ಸುತ್ತಲೂ ತೋಟ, ಬಳಿಯಲ್ಲಿ ಕಡಲಿನ ಮೊರೆತ. ಮನೆಯೊಡತಿಯಿಲ್ಲದ ಅಂತಹ ಮನೆಯಲ್ಲಿ ಸುರಿಮಳೆಯ ರಾತ್ರಿಗಳು ಹೇಗಿದ್ದಿರಬಹುದೆಂಬುದನ್ನು ಊಹಿಸಬಹುದು. ಊರು ಬಿಟ್ಟುಹೋಗಲು ಅದಕ್ಕಿಂತ ಬಲವಾದ ಕಾರಣ ಬೇಕಿರಲಿಲ್ಲ. ಆದರೂ ಪೈಗಳು ಮಂಜೇಶ್ವರವನ್ನು ಬಿಡಲಿಲ್ಲ. 1930ರಲ್ಲಿ ಅವರ ಕವನಸಂಗ್ರಹ ‘ಗಿಳಿವಿಂಡು’ ಪ್ರಕಟವಾಯಿತು. ಬಳಿಕ ಯೇಸುಕ್ರಿಸ್ತನ ಕೊನೆಯ ದಿನವನ್ನು ಕುರಿತ ‘ಗೊಲ್ಗೊಥಾ’, ಬುದ್ಧನ ನಿರ್ವಾಣವನ್ನು ಕುರಿತ ‘ವೈಶಾಖಿ’ ಎಂಬ ಎರಡು ಖಂಡಕಾವ್ಯಗಳು, ಏಕಲವ್ಯನ ಕತೆಯನ್ನುಳ್ಳ ‘ಹೆಬ್ಬೆರಳು’ ಎಂಬ ನಾಟಕ ಇವು ಹೊರಬಂದವು. ಜಪಾನಿನ ನೋ ನಾಟಕಗಳನ್ನೂ ಅವರು ಕನ್ನಡಕ್ಕೆ ತಂದರು. ಅನಂತೇಶ್ವರನ ಊರಿನ ಗೌಡ ಸಾರಸ್ವತ ಮನೆತನದ ಕವಿಯು ಕ್ರಿಸ್ತನ ವೇದನೆಗೂ ಬುದ್ಧನ ಶಾಂತಿಗೂ ಸಮಾನವಾದ ಭಕ್ತಿಯಿಂದ ಮನಸ್ಸು ಕೊಟ್ಟದ್ದು ಸಾಮಾನ್ಯ ಸಂಗತಿಯಲ್ಲ.

ಸಂಶೋಧನೆಯಲ್ಲಿಯೂ ಅವರು ಇದೇ ರೀತಿ ಮನೆಯಲ್ಲಿ ಕುಳಿತು ಲೋಕವನ್ನು ಸುತ್ತಿದರು. ಒಂದು ಉದಾಹರಣೆ ಸಾಕು. ಈಜಿಪ್ಟಿನ ಆಕ್ಸಿರಿಂಕಸ್ ಎಂಬ ಸ್ಥಳದ ಹಾಳುದಿಬ್ಬಗಳಲ್ಲಿ ದೊರೆತ ಪಪೈರಸ್ ಸುರುಳಿಗಳಲ್ಲಿ ಒಂದು ಗ್ರೀಕ್ ಪ್ರಹಸನವಿದ್ದಿತು. ಅದು 1903ರಲ್ಲಿ ಅಚ್ಚಾಯಿತು. ಭಾರತದ ಕರಾವಳಿಯಲ್ಲಿ ಸೆರೆಸಿಕ್ಕ ಗ್ರೀಕ್ ಯುವತಿಯೊಬ್ಬಳನ್ನು ಅವಳ ಸೋದರ ಬಿಡಿಸಿಕೊಂಡು ಹೋಗುವುದು ಅದರ ಕತೆ. ಅಲ್ಲಿನ ಭಾರತೀಯ ಪಾತ್ರಗಳಾಡುವ ಅನ್ಯಭಾಷೆಯ ಮಾತುಗಳು ಕನ್ನಡವಿರಬಹುದೆಂದು ಜರ್ಮನ್ ವಿದ್ವಾಂಸ ಹುಲ್ಟ್ಜ್ 1904ರಲ್ಲಿ ಸೂಚಿಸಿದರು. ಪೈಗಳು ಆ ಪ್ರಶ್ನೆಯನ್ನು ಕೈಗೆತ್ತಿಕೊಂಡು, ಆ ಮಾತುಗಳನ್ನೂ ಕತೆ ನಡೆಯುವ ಸ್ಥಳವನ್ನೂ ನಮ್ಮ ತುಳುನಾಡಿನ ಕರಾವಳಿಯ ಹಿನ್ನೆಲೆಯಲ್ಲಿ ಪರಿಶೀಲಿಸಿದರು. ಈ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ. ಅದು ಕನ್ನಡವೇ ಅಲ್ಲವೆನ್ನುವವರೂ ಇದ್ದಾರೆ. ಆದರೆ ನೈಲ್ ನದಿಯ ಮರಳಿನಿಂದ ಎದ್ದುಬಂದ ಪ್ರಶ್ನೆಯೊಂದಕ್ಕೆ ಮಂಜೇಶ್ವರದ ಮನೆಯೊಂದರಲ್ಲಿ ಉತ್ತರವನ್ನು ಹುಡುಕುತ್ತಿದ್ದರೆಂಬುದೇ ನಮ್ಮನ್ನು ಬೆರಗುಗೊಳಿಸುತ್ತದೆ.

ಲೋಕವೂ ಅವರನ್ನು ಹುಡುಕಿಕೊಂಡು ಬಂದಿತು. 1949ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಎಂಬ ಬಿರುದನ್ನಿತ್ತಿತು. ಕನ್ನಡಕ್ಕೆ ದೊರೆತ ಮೊದಲ ರಾಷ್ಟ್ರಕವಿ ಪದವಿಯದು. 1951ರಲ್ಲಿ ಮುಂಬಯಿಯಲ್ಲಿ ನಡೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ಪದವಿಗಳು ಬಂದವು, ಪೈಗಳು ಮಾತ್ರ ತಮ್ಮ ತೋಟದ ಮನೆಗೆ ಮರಳಿದರು.

ಆದರೆ ಮನುಷ್ಯನು ಕದಲದಿದ್ದರೂ ಗಡಿ ಕದಲುವುದುಂಟು. 1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆಯಾದಾಗ ಮಂಗಳೂರು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ತಾಲೂಕು, ಅದರೊಡನೆ ಮಂಜೇಶ್ವರ, ಕೇರಳಕ್ಕೆ ಸೇರಿತು. ಕನ್ನಡದ ರಾಷ್ಟ್ರಕವಿ ತಮ್ಮ ಜಗಲಿಯಿಂದ ಇಳಿಯದೆಯೇ ಕನ್ನಡ ರಾಜ್ಯದಿಂದ ಹೊರಗಾದರು. ಈ ವಿಯೋಗ ಅವರ ಇಳಿವಯಸ್ಸಿನ ದೊಡ್ಡ ನೋವಾಯಿತು. ಚಂದ್ರಗಿರಿ ಹೊಳೆಯ ಬಡಗಣ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗವು 1967ರಲ್ಲಿ ಶಿಫಾರಸು ಮಾಡಿತಾದರೂ ಅದು ಕಾರ್ಯಕ್ಕೆ ಬರಲಿಲ್ಲ. ಅದನ್ನು ನೋಡಲು ಪೈಗಳು ಇರಲೂ ಇಲ್ಲ. 1963ನೆಯ ಸೆಪ್ಟೆಂಬರ್ 6ರಂದು ಅವರು ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಕೀರ್ತಿಶೇಷರಾದರು. ಗಡಿಯಾಚೆಯ ಮಂಗಳೂರು ಅವರು ಓದಿ ಬೆಳೆದ ಊರು. ಅಲ್ಲಿಗೆ ಮನೆ ಬದಲಿಸುವುದು ಅವರಿಗೆ ಕಷ್ಟವಿರಲಿಲ್ಲ. ಅವರು ಬದಲಿಸಲಿಲ್ಲ.

ಅವರ ಗ್ರಂಥಸಂಗ್ರಹ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜನ್ನು ಸೇರಿತು. ಅಲ್ಲಿ ಅವರ ಹೆಸರಿನಲ್ಲಿ ಸ್ಥಾಪಿತವಾದ ಸಂಶೋಧನ ಕೇಂದ್ರವು 1988ರಿಂದ 1997ರವರೆಗೆ ತುಳು ನಿಘಂಟಿನ ಆರು ಸಂಪುಟಗಳನ್ನು ಹೊರತಂದಿತು. ಮಂಜೇಶ್ವರದಲ್ಲಿ 1980ರಲ್ಲಿ ಅವರ ಹೆಸರಿನ ಸರಕಾರಿ ಕಾಲೇಜು ಆರಂಭವಾಯಿತು. ಒಂದು ಕಾಲದಲ್ಲಿ ಕಾಲೇಜಿಗಾಗಿ ಮದರಾಸಿಗೆ ಹೋಗಬೇಕಾಗಿದ್ದ ಊರಿನಲ್ಲಿ, ಪದವಿಯನ್ನು ಪೂರೈಸಲಾರದ ಕವಿಯ ಹೆಸರಿನ ಕೆಳಗೆ ನಮ್ಮ ಮಕ್ಕಳು ಪದವಿ ಪಡೆಯುತ್ತಿದ್ದಾರೆ.

ಈ ಸಂಚಿಕೆಯನ್ನು ಓದುವ ಮನೆಗಳಲ್ಲಿ ಒಂದು ಚಿಂತೆ ಸಾಮಾನ್ಯವಾಗಿದೆ. ಗಡಿಯ ಈ ಮೂಲೆಯಲ್ಲಿ ಕನ್ನಡ ಶಾಲೆಗೆ ಮಕ್ಕಳನ್ನು ಕಳುಹಿಸಿ ಉಳಿಯುವುದೇ, ಅಥವಾ ಮಂಗಳೂರಿಗೋ ಬೆಂಗಳೂರಿಗೋ ಮನೆ ಸಾಗಿಸುವುದೇ ಎಂಬ ಚಿಂತೆಯದು. ವಿದ್ಯೆಗಾಗಿ, ಉದ್ಯೋಗಕ್ಕಾಗಿ ಹೊರಗೆ ಹೋಗುವುದು ತಪ್ಪಲ್ಲ, ಪೈಗಳೂ ಹೋದವರೇ. ಉಳಿದುದರಿಂದ ಅವರು ಕಳೆದುಕೊಂಡದ್ದೂ ಉಂಟು, ಅದನ್ನು ಮರೆಮಾಚಬೇಕಾಗಿಲ್ಲ. ಆದರೆ ಚಿಕ್ಕ ಊರಿನಲ್ಲಿ ಉಳಿದವನ ಬಾಳು ಚಿಕ್ಕದಾಗಲೇಬೇಕೆಂಬ ನಿಯಮವಿಲ್ಲ. ಮನೆಯಲ್ಲಿ ಕೊಂಕಣಿಯೋ ತುಳುವೋ ಮಲಯಾಳವೋ ಮರಾಠಿಯೋ ಆಡುವ ನಾವು ಕನ್ನಡವನ್ನು ಅಕ್ಷರದ ಭಾಷೆಯಾಗಿ ಆರಿಸಿಕೊಂಡವರು. ಹಾಗೆ ಆರಿಸಿಕೊಂಡವರಲ್ಲಿ ಹಿರಿಯರಾದ ಗೋವಿಂದ ಪೈಗಳ ಹೆಸರನ್ನು ಈ ಮಳೆಗಾಲದಲ್ಲಿ ಒಮ್ಮೆಯಾದರೂ ಮಕ್ಕಳಿಗೆ ಹೇಳಿ, ಅವರ ಒಂದು ಕವಿತೆಯನ್ನು ದೀಪದ ಮುಂದೆ ಗಟ್ಟಿಯಾಗಿ ಓದಿಸಿದರೆ, ಅದೇ ನಾವು ಅವರಿಗೆ ಸಲ್ಲಿಸಬಹುದಾದ ಕಾಣಿಕೆ.