ಓಮ್ ಎಂಬ ಶಾಲಾ ಮಾಸ್ತರರು

ಗಣೇಶೋತ್ಸವ ಬಂತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಓಣಿ ಓಣಿಗಳಲ್ಲಿ ಧ್ವನಿವರ್ಧಕಗಳು ಮೊಳಗುತ್ತವೆ. ಸ್ಪೀಕರ್ ಪೆಟ್ಟಿಗೆಗಳ ಹಿಂಬದಿಗೆ 4 ಓಮ್, 8 ಓಮ್ ಎಂದು ಬರೆದಿರುವುದನ್ನು ನಾವು ನೋಡುತ್ತೇವೆ. ಅದು ಒಬ್ಬ ಶಾಲಾ ಮಾಸ್ತರರ ಹೆಸರೆಂದು ಬಲ್ಲವರು ಕಡಿಮೆ.

ಜಾರ್ಜ್ ಸೈಮನ್ ಓಮ್ ಅವರು 1789ರ ಮಾರ್ಚ್ 16ರಂದು ಜರ್ಮನಿಯ ಎರ್ಲಾಂಗೆನ್ ಊರಿನಲ್ಲಿ ಜನಿಸಿದರು. ತಂದೆ ಬೀಗ ಮಾಡುವ ಕಸಬಿನವರು. ಆದರೂ ತಾವೇ ಓದಿ ಗಣಿತ ಕಲಿತು ಮಕ್ಕಳಿಗೂ ಕಲಿಸಿದರು. ಓಮ್ ಹತ್ತು ವರ್ಷದವರಿದ್ದಾಗ ತಾಯಿ ತೀರಿಕೊಂಡರು. 1805ರಲ್ಲಿ ವಿಶ್ವವಿದ್ಯಾಲಯ ಸೇರಿದ ಹುಡುಗನ ಮನಸ್ಸು ಕುಣಿತ, ಬಿಲಿಯರ್ಡ್ಸ್, ಮಂಜಿನ ಮೇಲಿನ ಜಾರಾಟಗಳ ಕಡೆಗೆ ಹರಿಯಿತು. ಸಿಟ್ಟಾದ ತಂದೆ ಓದು ಬಿಡಿಸಿದರು. ಓಮ್ ಸ್ವಿಟ್ಜರ್ಲೆಂಡಿನ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತ, ಬಿಡುವಿನ ವೇಳೆಯಲ್ಲಿ ತಾವೇ ಅಭ್ಯಾಸ ಮಾಡಿ, 1811ರಲ್ಲಿ ಡಾಕ್ಟರೇಟ್ ಪಡೆದರು.

1817ರಲ್ಲಿ ಅವರು ಕಲೋನ್ ನಗರದ ಪ್ರೌಢಶಾಲೆಯ ಶಿಕ್ಷಕರಾದರು. ಅಲ್ಲಿ ಒಳ್ಳೆಯ ಪ್ರಯೋಗಶಾಲೆಯಿತ್ತು. ಬೇರೆ ಬೇರೆ ಉದ್ದದ ತಂತಿಗಳನ್ನು ಜೋಡಿಸಿ ವಿದ್ಯುತ್ ಪ್ರವಾಹವನ್ನು ಅಳೆಯತೊಡಗಿದರು. ಅಂದಿನ ಬ್ಯಾಟರಿಗಳ ಬಲ ಬೇಗ ಕುಗ್ಗುತ್ತಿದ್ದುದರಿಂದ ಅಳತೆ ತಪ್ಪುತ್ತಿತ್ತು. ಆಗ ತಾಮ್ರ ಮತ್ತು ಬಿಸ್ಮತ್ ಲೋಹಗಳನ್ನು ಬೆಸೆದು, ಒಂದು ಬೆಸುಗೆಯನ್ನು ಕುದಿಯುವ ನೀರಿನ ಶಾಖದಲ್ಲಿ, ಇನ್ನೊಂದನ್ನು ಮಂಜುಗಡ್ಡೆಯಲ್ಲಿ ಇಟ್ಟು ಸ್ಥಿರವಾದ ವಿದ್ಯುತ್ತನ್ನು ಪಡೆದರು. ಈ ಪರಿಶ್ರಮದ ಫಲವಾದ ಗ್ರಂಥ 1827ರಲ್ಲಿ ಹೊರಬಂತು. ವೋಲ್ಟೇಜನ್ನು ರೋಧದಿಂದ ಭಾಗಿಸಿದರೆ ಪ್ರವಾಹ ಸಿಗುತ್ತದೆ. 16 ವೋಲ್ಟಿಗೆ 8 ಓಮ್ ರೋಧವಿದ್ದರೆ 2 ಆಂಪಿಯರ್, 4 ಓಮ್ ಇದ್ದರೆ 4 ಆಂಪಿಯರ್. ಇದೇ ಓಮ್ ನಿಯಮ.

ಈ ಲೆಕ್ಕ ಪರೀಕ್ಷೆಗೆ ಮಾತ್ರವಲ್ಲ. ಗಿಟಾರ್ ನುಡಿಸುವ ತರುಣರು ಎರಡು ಆಂಪ್ಲಿಫಾಯರುಗಳನ್ನು ಒಂದೇ ಸ್ಪೀಕರ್ ಪೆಟ್ಟಿಗೆಗೆ ಜೋಡಿಸಲು ಬಯಸುವುದುಂಟು. ಎರಡರ ತಂತಿಗಳನ್ನೂ ಒಂದೇ ಸ್ಪೀಕರಿಗೆ ಕೂಡಿಸಬಾರದು. ಆಂಪ್ಲಿಫಾಯರಿನ ಒಳರೋಧ ಸಾಮಾನ್ಯವಾಗಿ ಸ್ಪೀಕರಿನದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಒಂದರ ಪ್ರವಾಹ ಇನ್ನೊಂದರೊಳಗೆ ನುಗ್ಗಿ ಅದನ್ನು ಸುಟ್ಟುಬಿಡಬಹುದು. ಒಳಗೆ ಎರಡು ಸ್ಪೀಕರುಗಳಿದ್ದು, ಅವುಗಳ ತಂತಿಗಳು ಪೂರ್ತಿ ಬೇರೆ ಬೇರೆಯಾಗಿರುವ ಸ್ಟೀರಿಯೋ ಪೆಟ್ಟಿಗೆಯಾದರೆ ಒಂದೊಂದಕ್ಕೆ ಒಂದೊಂದು ಆಂಪ್ಲಿಫಾಯರ್ ಜೋಡಿಸಬಹುದು. ಪ್ರತಿಯೊಂದು ಸ್ಪೀಕರಿನ ಓಮ್ ತನ್ನ ಆಂಪ್ಲಿಫಾಯರ್ ಬೇಡುವಷ್ಟು ಇರಬೇಕು. ವ್ಯಾಟ್ ತಾಳುವ ಶಕ್ತಿಯೂ ಸಾಕಷ್ಟಿರಬೇಕು. ಇಲ್ಲವೇ, ಒಂದು ಸಲಕ್ಕೆ ಒಂದನ್ನೇ ಜೋಡಿಸುವ, ಇದಕ್ಕೆಂದೇ ಮಾಡಿದ ಸ್ವಿಚ್ ಬಳಸಬೇಕು. ವಾಲ್ವ್ ಆಂಪ್ಲಿಫಾಯರನ್ನು ಸ್ಪೀಕರಿಲ್ಲದೆ ನಡೆಸಿದರೆ ಅದರ ಟ್ರಾನ್ಸ್‌ಫಾರ್ಮರ್ ಕೆಡಬಹುದು. ಆದ್ದರಿಂದ ಬಿಡುವಾಗಿರುವ ಆಂಪ್ಲಿಫಾಯರಿಗೆ ತಕ್ಕ ರೋಧವನ್ನು ಒದಗಿಸುವ ಸ್ವಿಚ್ಚೇ ಬೇಕು. ತಂತಿ ಮುಟ್ಟುವ ಮೊದಲು ಎರಡನ್ನೂ ಆರಿಸುವುದಂತೂ ಕಡ್ಡಾಯ.

ಇಷ್ಟು ಉಪಕಾರಿಯಾದ ನಿಯಮವನ್ನು ಅಂದಿನ ಪಂಡಿತರು ಕಡೆಗಣಿಸಿದರು. ಮನನೊಂದ ಓಮ್ ಕಲೋನಿನ ಕೆಲಸ ಬಿಟ್ಟು ಹಲವು ವರ್ಷ ಕಷ್ಟದಲ್ಲಿ ಕಳೆದರು. 1833ರಲ್ಲಿ ನ್ಯೂರೆಂಬರ್ಗಿನಲ್ಲಿ ಕೆಲಸ ಸಿಕ್ಕಿತು. 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕಾಪ್ಲಿ ಪದಕವನ್ನಿತ್ತು ಗೌರವಿಸಿತು. ಬಹುಕಾಲ ಹಂಬಲಿಸಿದ ಮ್ಯೂನಿಕ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಪದವಿ 1852ರಲ್ಲಿ ದೊರೆಯಿತು. ಎರಡೇ ವರ್ಷಗಳಲ್ಲಿ, 1854ರ ಜುಲೈ 6ರಂದು, ಅವರು ಕಾಲವಾದರು. 1881ರಲ್ಲಿ ಪ್ಯಾರಿಸ್ಸಿನಲ್ಲಿ ಸೇರಿದ ವಿದ್ಯುತ್ ಸಮ್ಮೇಳನವು ರೋಧದ ಏಕಮಾನಕ್ಕೆ ಅವರ ಹೆಸರನ್ನು ಅಂಗೀಕರಿಸಿತು.

ಮೆಚ್ಚುಗೆ ತಡವಾಗಿ ಬಂದರೂ ಓಮ್ ಅವರ ಅಳತೆ ಸುಳ್ಳಾಗಲಿಲ್ಲ. ಎರಡು ತಂತಿ ಕೂಡಿಸುವ ಮುನ್ನ ಲೆಕ್ಕ ಮಾಡಿ ನೋಡುವ ವಿದ್ಯಾರ್ಥಿಯು ಆ ಮಾಸ್ತರರಿಗೆ ನಿಜವಾದ ಗುರುದಕ್ಷಿಣೆ ಸಲ್ಲಿಸಿದಂತೆಯೇ ಸರಿ.